ಒಂದು ತಾಸಿನ ವಿಮಾನ, ಯಲಬುರ್ಗಾದ ತೊಟ್ಟಿಲು

ಕಳೆದ ಬುಧವಾರ ಬೆಳಿಗ್ಗೆ ಒಂಬತ್ತು ಮೂವತ್ತೈದಕ್ಕೆ ನಾನು ಹುಬ್ಬಳ್ಳಿಯಲ್ಲಿ ವಿಮಾನದಿಂದ ಇಳಿದೆ. ಅದೇ ಹೊತ್ತಿಗೆ ಯಲಬುರ್ಗಾದಲ್ಲಿ ಮೂವತ್ತು ಮೂವತ್ತೈದು ಹೆಂಗಸರು ನನ್ನ ಬೆನ್ನಿಗೆ ಗುದ್ದಲು ತಯಾರಾಗುತ್ತಿದ್ದರು.

ಗಾಬರಿಯಾಗಬೇಡಿ. ನಾನು ಅವರಿಗೆ ಏನೂ ಮಾಡಿಲ್ಲ. ನನ್ನ ತಮ್ಮನ ಮಗಳಿಗೆ ಅವತ್ತು ಹೆಸರಿಡುವ ಕಾರ್ಯ. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಅಕ್ಕ ಇಲ್ಲವೇ ತಂಗಿ. ಅವಳು ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ 'ಕುರ್ರ್...' ಎಂದು ಮೂರು ಸಲ ಹೆಸರು ಹೇಳಬೇಕು. ಅವಳು ಬಾಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆ? ನನಗೆ ಗೊತ್ತಿಲ್ಲ. ಗುದ್ದುವವರಿಗೂ ಗೊತ್ತಿಲ್ಲ. ಆದರೆ ಆ ಗುದ್ದು ತಿನ್ನುವ ಹಕ್ಕು ಸೋದರತ್ತೆಯದು. ನನ್ನ ತಮ್ಮನಿಗೆ ಒಡಹುಟ್ಟಿದವಳು ಅಂತ ಇರುವುದು ನಾನೊಬ್ಬಳೇ.

ತಮ್ಮ ಮಂಜುನಾಥ ಕುಷ್ಟಗಿಯಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ಕಾವೇರಿಯ ತವರು ಯಲಬುರ್ಗಾ. ಮೊದಲನೇ ಹೆರಿಗೆ, ಹಾಗಾಗಿ ಕಾರ್ಯ ತವರಿನಲ್ಲಿ, ಬೀಗರ ಮನೆಯಲ್ಲಿ. ನಾನಿರುವುದು ಗಂಗಾವತಿಯಲ್ಲಿ. ಪಿಯು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಇದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಯಾಕೆಂದರೆ ಈ ಬರಹ ದೂರ ಲೆಕ್ಕ ಹಾಕುವುದರಲ್ಲಿ ಎಡವಿದವಳ ಕಥೆ.

ಆದದ್ದಿಷ್ಟು. ಎರಡು ದಿನದ ತರಬೇತಿಗೆ ಅಂತ ನನ್ನನ್ನು ಬೆಂಗಳೂರಿಗೆ ಕರೆಸಿದ್ದರು. ಅದು ಮುಗಿಯುವುದು ಮಂಗಳವಾರ ಸಂಜೆ. ಕಾರ್ಯ ಬುಧವಾರ. ರಾತ್ರಿ ರೈಲಿನ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲಿತ್ತು. ವೇಟಿಂಗ್ ಲಿಸ್ಟ್ ನಂಬಿಕೊಂಡು ಸೋದರತ್ತೆ ಆಗಲಿಕ್ಕಾಗುತ್ತದೆಯೇ? ಧೈರ್ಯ ಮಾಡಿ ಬುಧವಾರ ಬೆಳಗಿನ ವಿಮಾನಕ್ಕೆ ಟಿಕೆಟ್ ತೆಗೆದೆ. ಜೀವನದ ಮೊದಲ ವಿಮಾನ. (ನಮ್ಮ ಜಿಲ್ಲೆಗೂ ವಿಮಾನ ಬರುತ್ತದೆ ಎಂಬ ಸುದ್ದಿ ಆಗಾಗ ಬಂದು ಇಳಿಯುತ್ತದೆ. ಸದ್ಯಕ್ಕೆ ಇಳಿದಿರುವುದು ಸುದ್ದಿ ಮಾತ್ರ.)

ಟಿಕೆಟ್ ತೆಗೆಯುವ ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ದೂರ ಎಷ್ಟು, ವಿಮಾನಕ್ಕೆ ಎಷ್ಟು ಹೊತ್ತು ಅಂತ ಫೋನಿಗೆ ಕೇಳಿದೆ. ರಸ್ತೆಯ ದೂರ ಇಷ್ಟು, ಆಕಾಶದ ದೂರ ಇಷ್ಟು, ಹಾರಾಟದ ಸಮಯ ಹೆಚ್ಚುಕಡಿಮೆ ಒಂದು ಗಂಟೆ ಅಂತ ಫೋನು ಥಟ್ಟನೆ ಹೇಳಿತು. ಎಷ್ಟು ಚೆಂದದ ಉತ್ತರ! ನಾನು ಅದನ್ನು ಹಾಗೇ ತಮ್ಮನಿಗೆ ದಾಟಿಸಿದೆ.

"ಬರೇ ಒಂದ ತಾಸೇನು?" ಎಂದ ಅವನು. "ನಮ್ಮ ಬಸ್ಸು ನಿಂತ ನಿಂತ ಕುಷ್ಟಗಿಯಿಂದ ಯಲಬುರ್ಗಾ ಮುಟ್ಟಾಕ ತಾಸು ತುಂಬತೈತಿ! ಎಷ್ಟಕ್ಕ ಹತ್ತತಿ?"

"ಎಂಟೂವರಿಗೆ."

"ಹಂಗಾರ ಒಂಬತ್ತೂವರಿಗೆ ಹುಬ್ಬಳ್ಳಿ. ಅಲ್ಲಿಂದ ಏನ್ ಬಿಡು, ಬಂದಂಗ. ಹನ್ನೊಂದಕ್ಕ ಇಟ್ಕೊಂಡ್ರ ಆತಲ್ಲ?"

ಇಲ್ಲಿ ನನ್ನ ತಪ್ಪು ಶುರುವಾಗುತ್ತದೆ. ಹುಬ್ಬಳ್ಳಿಯಿಂದ ಯಲಬುರ್ಗಾ ಎರಡೂವರೆ ತಾಸಿನ ದಾರಿ ಅಂತ ನನಗೆ ಗೊತ್ತಿತ್ತು. ಹನ್ನೊಂದಕ್ಕೆ ನಾನು ಮುಟ್ಟುವುದಿಲ್ಲ ಅಂತಲೂ ಗೊತ್ತಿತ್ತು. ಆದರೂ "ಹೂಂ, ಇಟ್ಕೋರಿ" ಅಂದೆ. ಯಾಕೆ? ನಮ್ಮ ಕಡೆ ಹನ್ನೊಂದು ಅಂದರೆ ಒಂದು ಗಂಟೆ. ಇದು ಕೊಪ್ಪಳ ಜಿಲ್ಲೆಯ ಎಲ್ಲರಿಗೂ ಗೊತ್ತಿರುವ ವಿಷಯ. ಆಮಂತ್ರಣ ಪತ್ರಿಕೆಯಲ್ಲಿ 'ಸರಿಯಾಗಿ 11 ಗಂಟೆಗೆ' ಅಂತ ಅಚ್ಚು ಹಾಕಿಸುತ್ತೇವೆ. ಹನ್ನೊಂದಕ್ಕೆ ಹೋದರೆ ಪೆಂಡಾಲಿನವನು ಇನ್ನೂ ಕುರ್ಚಿ ಇಳಿಸುತ್ತಿರುತ್ತಾನೆ. ಮನೆಯವರು ಸ್ನಾನಕ್ಕೆ ಹೋಗಿರುತ್ತಾರೆ. ನಿಮ್ಮನ್ನು ನೋಡಿ, "ಇಷ್ಟ್ ಲಗೂನ ಬಂದ್ರ್ಯಾ?" ಅಂತ ಅವರಿಗೇ ಆಶ್ಚರ್ಯ. ಹಾಗಾಗಿ ನಾನು ನಮ್ಮ ಪದ್ಧತಿಯ ಪ್ರಕಾರ ಎರಡು ತಾಸು ಸೇರಿಸಿಕೊಂಡೆ. ಹನ್ನೆರಡೂವರೆಗೆ ಹೋದರೂ ನಾನೇ ಮೊದಲು!

ಅತ್ತ ತಮ್ಮ ಬೇರೆ ಲೆಕ್ಕ ಹಾಕಿದ್ದ. ಅಕ್ಕ ವಿಮಾನದಲ್ಲಿ ಬರುತ್ತಾಳೆ. ವಿಮಾನ ಅಂದರೆ ನಿಮಿಷದ ಲೆಕ್ಕ. ಅಷ್ಟು ದೂರದಿಂದ ನಿಮಿಷ ತಪ್ಪದೆ ಬರುವವಳನ್ನು ಬೀಗರ ಮನೆಯ ಅಂಗಳದಲ್ಲಿ ಕಾಯಿಸುವುದೇ? ಮರ್ಯಾದೆಯ ಪ್ರಶ್ನೆ. ಅವನು ಯಲಬುರ್ಗಾದ ಮನೆಮನೆಗೆ ಹೇಳಿ ಬಂದಿದ್ದನಂತೆ: "ಈ ಸಲ ನಮ್ಮ ಟೈಮ್ ಅಲ್ಲ, ವಿಮಾನದ ಟೈಮ್. ಹನ್ನೊಂದಂದ್ರ ಹನ್ನೊಂದ."

ನಮ್ಮ ವಂಶದಲ್ಲಿ ಮೊದಲ ಬಾರಿಗೆ ಒಂದು ಕಾರ್ಯ ಹೇಳಿದ ಹೊತ್ತಿಗೆ ಸಜ್ಜಾಯಿತು. ಅವತ್ತೇ ನಾನು ನಮ್ಮವರು ತಡ ಮಾಡುತ್ತಾರೆಂದು ನಂಬಿ ಕೂತಿದ್ದೆ.

ಇನ್ನೊಂದು ವಿಷಯ ಹೇಳದಿದ್ದರೆ ಇದು ಬರೀ ತಮಾಷೆಯ ಕಥೆಯಾಗುತ್ತದೆ. ಮೂರು ವರ್ಷದ ಹಿಂದೆ ಇದೇ ತಮ್ಮನ ಮದುವೆಗೆ ನಾನು ಹೋಗಿರಲಿಲ್ಲ. ಮದುವೆಯಲ್ಲಿ ವರನ ಅಕ್ಕ ಕಳಸ ಹಿಡಿಯಬೇಕು. ನನಗೆ ಆಗ ಉತ್ತರಪತ್ರಿಕೆ ಮೌಲ್ಯಮಾಪನದ ಡ್ಯೂಟಿ. ರಜೆ ಕೊಡಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ಸತ್ಯ ಏನೆಂದರೆ, ನಾನು ರಜೆ ಕೇಳಲೇ ಇಲ್ಲ. ಕೊಡುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಕಳಸ ಹಿಡಿದವಳು ನಮ್ಮ ಚಿಕ್ಕಪ್ಪನ ಮಗಳು ಸುಮಾ. ಆಮೇಲೆ ತಮ್ಮ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಫೋನ್ ಮಾಡಿದರೆ ಎತ್ತುತ್ತಿದ್ದ, "ಹೂಂ ಅಕ್ಕಾ, ಆರಾಮ" ಅನ್ನುತ್ತಿದ್ದ, ಅಷ್ಟೇ. ಅವನಾಗಿ ಫೋನ್ ಮಾಡಿ ನನ್ನನ್ನು ಕರೆದದ್ದು ಈ ತೊಟ್ಟಿಲ ಕಾರ್ಯಕ್ಕೆ. ಇದೂ ತಪ್ಪಿದರೆ ಅವನು ಮತ್ತೆ ಕರೆಯುವುದಿಲ್ಲ ಅನ್ನುವುದು ನನಗೆ ಯಾರೂ ಹೇಳದೆಯೂ ಗೊತ್ತಿತ್ತು.

ವಿಮಾನದ ಮೇಲೆ ನನ್ನ ದೂರೇನೂ ಇಲ್ಲ. ಅದು ಹೇಳಿದ ಹೊತ್ತಿಗೆ ಎದ್ದಿತು, ಹೇಳಿದ ಹೊತ್ತಿಗೆ ಇಳಿಯಿತು. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಇಪ್ಪತ್ತು ವರ್ಷ ಮಕ್ಕಳಿಗೆ ನಕ್ಷೆಯಲ್ಲಿ ತೋರಿಸಿದ ಕೆರೆ, ಗುಡ್ಡ, ಹೊಲಗಳನ್ನು ಮೇಲಿನಿಂದ ನೋಡಿ ಖುಷಿಯಾಯಿತು. ಆದರೆ ಫೋನು ಹೇಳದೇ ಬಿಟ್ಟ ಸಂಗತಿಗಳು ಎಷ್ಟು! ಬೆಂಗಳೂರಿನಲ್ಲಿ ವಿಮಾನ ನಿಲ್ದಾಣ ಮುಟ್ಟಲು ನಾನು ಬೆಳಗಿನ ಐದಕ್ಕೇ ಹೊರಟಿದ್ದೆ. ಅಲ್ಲಿ ಸಾಲು, ಸಾಲಿನ ನಂತರ ಇನ್ನೊಂದು ಸಾಲು. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಬ್ಯಾಗಿಗಾಗಿ ಕಾಯುವುದು. ಆ ಬ್ಯಾಗಿನಲ್ಲಿ ಕೂಸಿಗೆ ನಾನೇ ಕೂತು ಹೊಲಿದ ಕುಂಚಿಗೆ ಇತ್ತು, ತಲೆಯಿಂದ ಬೆನ್ನಿನವರೆಗೆ ಇಳಿಯುವ ಕೆಂಪು ಕಣದ ಬಟ್ಟೆಯ ಟೊಪ್ಪಿಗೆ. ಎಲ್ಲರ ಬ್ಯಾಗು ಬಂದು ಹೋದ ಮೇಲೆ ನನ್ನದು ನಿಧಾನವಾಗಿ ಬಂತು. ಅದಕ್ಕೇನು ಅವಸರ?

ಹೊರಗೆ ಬಂದು ಟ್ಯಾಕ್ಸಿ ಹಿಡಿದಾಗ ಹತ್ತು ದಾಟಿತ್ತು. ಡ್ರೈವರ್ ರಾಜೇಸಾಬ್ ಐವತ್ತು ದಾಟಿದ ಮನುಷ್ಯ, ಸಮಾಧಾನದ ಕೈ. ನಾನು ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುವುದನ್ನು ಕನ್ನಡಿಯಲ್ಲಿ ನೋಡಿ ಹೇಳಿದ:

"ವಿಮಾನದಾಗಿಂದ ಇಳದ ಮಂದಿ ಎಲ್ಲಾರೂ ಹಿಂಗರಿ ಮೇಡಂ. ಇಳದ ಮ್ಯಾಲೂ ಒಂದ್ ತಾಸು ಗಾಳ್ಯಾಗ ಇರ್ತಾರ."

ಹತ್ತು ಐವತ್ತಕ್ಕೆ ತಮ್ಮನ ಫೋನು ಬಂತು. ಹಿಂದೆ ಹೆಂಗಸರ ಗದ್ದಲ, ಬಳೆಯ ಸದ್ದು.

"ಅಕ್ಕಾ, ಎಲ್ಲಾ ರೆಡಿ ಐತಿ. ಮಂದಿ ಬಂದ್ ಕುಂತಾರ. ಎಲ್ಲಿ ಅದಿ?"

ರೆಡಿ? ಹನ್ನೊಂದಕ್ಕೆ? ನಮ್ಮವರೇ?

"ಬಂದೆ, ಇನ್ನೇನ್ ಗದಗ ದಾಟ್ತೀನಿ" ಅಂದೆ. ಆಗಿನ್ನೂ ಅಣ್ಣಿಗೇರಿ ಬಂದಿತ್ತು. ಇದೂ ನಮ್ಮ ಕಡೆಯ ಪದ್ಧತಿಯೇ. ಫೋನಿನಲ್ಲಿ ಇರುವ ಊರು ಹೇಳುವುದಿಲ್ಲ, ಮುಂದಿನ ಊರು ಹೇಳುತ್ತೇವೆ. ರಾಜೇಸಾಬ್ ಕನ್ನಡಿಯಲ್ಲಿ ಒಮ್ಮೆ ನೋಡಿ, ವೇಗ ಸ್ವಲ್ಪ ಹೆಚ್ಚಿಸಿದ.

ಹನ್ನೊಂದು ಇಪ್ಪತ್ತಕ್ಕೆ ಮತ್ತೆ ಫೋನು. ಈಗ ಹಿಂದೆ ಗದ್ದಲ ಇರಲಿಲ್ಲ. ಅವನು ಹೊರಗೆ ಬಂದು ನಿಂತಿದ್ದ ಅಂತ ಕಾಣುತ್ತದೆ.

"ಅಕ್ಕಾ, ಖರೇ ಹೇಳು. ಎಲ್ಲಿ ಅದಿ?"

"ಗದಗ."

"ಆಗ್ಲೇ ದಾಟ್ತೀನಿ ಅಂದ್ಯಲ್ಲ?"

ಅವನೇ ಮುಂದುವರಿಸಿದ:

"ಇವತ್ತ ಬುಧವಾರ. ಹನ್ನೆರಡಕ್ಕ ರಾಹುಕಾಲ ಹತ್ತತೈತಿ, ಒಂದೂವರಿತನಕ. ಅದು ಹತ್ತೂದ್ರಾಗ ಹೆಸರಿಡಬೇಕಂತ ಇಲ್ಲಿ ಹಿರ್ಯಾರು ಹೇಳಾಕತ್ಯಾರ. ದೂರದೂರಿನ ಹೆಣ್ಮಕ್ಕಳು ಬಸ್ಸಿಗೆ ಹೋಗೂ ಅವಸರದಾಗ ಅದಾರ. ಸುಮಾ ಇಲ್ಲೇ ಅದಾಳ. ಏನ್ ಮಾಡ್ಲಿ, ನೀನ ಹೇಳು."

ಗದಗಿನಿಂದ ಯಲಬುರ್ಗಾ ಇನ್ನೂ ಒಂದೂಕಾಲು ತಾಸು. ಯಾವ ಲೆಕ್ಕ ಹಾಕಿದರೂ ಹನ್ನೆರಡರೊಳಗೆ ಆಗುವುದಿಲ್ಲ.

"ಸುಮಾನ ಹೆಸರಿಡ್ಲಿ" ಅಂದೆ. "ನನಗ ಕಾಯಬ್ಯಾಡ್ರಿ. ಕೂಸಿನ ಕೆಲಸ ತಡ ಆಗಬಾರದು."

"ಹೂಂ ಅಕ್ಕಾ" ಅಂದ. ಅದೇ ಹಳೆಯ "ಹೂಂ ಅಕ್ಕಾ". ಫೋನು ಇಟ್ಟ.

ನಾನು ಅತ್ತೆ. ಮುಚ್ಚಿಡುವುದೇನಿದೆ? ನಲವತ್ತೆಂಟು ವರ್ಷದ ಹೆಂಗಸು, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬ್ಯಾಗು ಅಪ್ಪಿಕೊಂಡು ಅತ್ತೆ. ಕಳಸ ತಪ್ಪಿತು, ತೊಟ್ಟಿಲೂ ತಪ್ಪಿತು. ಎರಡಕ್ಕೂ ಸುಮಾನೇ. ಅವಳ ಮೇಲೆ ಸಿಟ್ಟು ಬರಲಿ ಅಂತ ಪ್ರಯತ್ನಿಸಿದೆ, ಬರಲಿಲ್ಲ. ಅವಳು ಯಾವಾಗಲೂ ಬರುವವಳು, ಹೊತ್ತಿಗೆ ಮೊದಲೇ ಬಂದು ಕೆಲಸಕ್ಕೆ ಕೈ ಹಾಕುವವಳು. ರಾಜೇಸಾಬ್ ರೇಡಿಯೋ ಬಂದ್ ಮಾಡಿದ.

ಲಕ್ಕುಂಡಿ ದಾಟಿದ ಮೇಲೆ ಸುಮಾಳದೇ ವಿಡಿಯೋ ಕಾಲ್ ಬಂತು. ಪರದೆಯ ಮೇಲೆ ಮೊದಲು ಸೀಲಿಂಗ್ ಫ್ಯಾನ್, ಆಮೇಲೆ ಯಾರದೋ ಗದ್ದ, ಆಮೇಲೆ ಅವಳು.

"ಅಕ್ಕಾ, ನಾ ಇಡೂದಿಲ್ಲ. ಮದಿವ್ಯಾಗ ನಿನ್ನ ಬದ್ಲಿ ಕಳಸ ಹಿಡದಿದ್ದ ಸಾಕು. ಫೋನ್ ಕೂಸಿನ ಕಿವಿಗೆ ಹಿಡೀತೀನಿ, ನೀನ ಕುರ್ರ್ ಅನ್ನು."

ಎಂಥ ಉಪಾಯ! ನಾನು ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು ತಯಾರಾದೆ. ಅಷ್ಟರಲ್ಲಿ ಹಿಂದಿನಿಂದ ಒಂದು ದಪ್ಪ ದನಿ. ಕಾವೇರಿಯ ಅಜ್ಜಿ ಗೌರಮ್ಮ. ಎಂಬತ್ತು ದಾಟಿದ ಜೀವ. ಆ ಮನೆಯಲ್ಲಿ ಅವರು ಕೆಮ್ಮಿದರೂ ಅದು ತೀರ್ಪು.

"ಏ, ತಗಿ ಅದನ್ನ! ಅದರಾಗ ಉಸುರು ಬರತೈತೇನು? ಸೋದರತ್ತಿ ಉಸುರು ಕೂಸಿನ ಕಿವಿಗೆ ತಾಕಬೇಕು. ಬರೇ ದನಿ ಕೇಳಿಸಾಕ ಇದೇನ್ ರೇಡಿಯೋನು?"

ಅಷ್ಟೇ. ನೆಟ್‌ವರ್ಕ್ ಹೋಯಿತು. ನಾನು ಮತ್ತೆ ಮತ್ತೆ ಫೋನ್ ಹಚ್ಚಿದೆ. 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅನ್ನುವ ದನಿ. ಅಜ್ಜಿ ಫೋನು ತೆಗೆಸಿದರು. ಮುಂದೆ? ಯಾರ ಉಸಿರು? ಹನ್ನೆರಡಕ್ಕೆ ಹದಿನೈದು ನಿಮಿಷ ಇತ್ತು. ಎಲ್ಲ ಮುಗಿಯಿತು ಅಂದುಕೊಂಡೆ.

ಇಟಗಿಯ ಕಡೆ ತಿರುಗುವ ಬೋರ್ಡು ಹಿಂದೆ ಹೋಯಿತು. ಕುಕನೂರಿನ ಹತ್ತಿರ ಒಂದು ಕುರಿ ಹಿಂಡು ರಸ್ತೆಯ ತುಂಬ ನಡೆದು ಬರುತ್ತಿತ್ತು. ರಾಜೇಸಾಬ್ ಹಾರ್ನ್ ಹೊಡೆಯಲಿಲ್ಲ. ಗಾಡಿ ನಿಲ್ಲಿಸಿ ಕೂತ. ನನಗೂ ಈಗ ಅವಸರವಿರಲಿಲ್ಲ. ಅವಸರ ಇಲ್ಲದವರಿಗೆ ಕುರಿಗಳು ಎಷ್ಟು ಬೇಗ ದಾಟುತ್ತವೆ ಗೊತ್ತೇ?

ಯಲಬುರ್ಗಾ ಮುಟ್ಟಿದಾಗ ಹನ್ನೆರಡು ನಲವತ್ತು. ಬೀಗರ ಓಣಿಯಲ್ಲಿ ಹೆಂಗಸರು ಗುಂಪು ಗುಂಪಾಗಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದರು. ಕೈಯಲ್ಲಿ ಉಡುಗೊರೆಯ ಕುಬಸದ ಬಟ್ಟೆ, ಎಲೆ ಅಡಿಕೆ. ಬಾಯಲ್ಲಿ ಹೋಳಿಗೆಯ ವಿಚಾರ. ಒಬ್ಬಾಕೆ ನನ್ನನ್ನು ನೋಡಿ ಪಕ್ಕದವಳಿಗೆ ಹೇಳಿದಳು: "ನೋಡವಾ, ವಿಮಾನದಾಕಿ ಬಂದ್ಳು." ಇಬ್ಬರೂ ನಕ್ಕರು. ನಾನೂ ನಕ್ಕೆ. ಅವರು ಮನೆಗೆ ಹೊರಟಿದ್ದಾರೆ ಅಂದರೆ ಕಾರ್ಯ ಮುಗಿದಿದೆ. ಹೆಸರಿಡುವ ಮೊದಲು ಯಾರಾದರೂ ಉಣ್ಣುತ್ತಾರೆಯೇ?

ಅಂಗಳದಲ್ಲಿ ಕುರ್ಚಿಗಳು ಖಾಲಿ. ಒಳಗೆ ಪಡಸಾಲೆಯಲ್ಲಿ ಹೂ ಕಟ್ಟಿದ ತೊಟ್ಟಿಲು. ಅದೂ ಖಾಲಿ. ಕೂಸು ಗೌರಮ್ಮಜ್ಜಿಯ ತೊಡೆಯ ಮೇಲೆ ನಿದ್ದೆ ಹೊಡೆಯುತ್ತಿತ್ತು.

"ಬಾರವ್ವಾ" ಎಂದರು ಅಜ್ಜಿ. "ಕೈಕಾಲು ತೊಳಕೊ. ಉಣ್ಣು. ಒಂದೂವರಿ ಆಗಲಿ."

"ಹೆಸರು?"

"ನೀ ಇಡಬೇಕಲ್ಲ."

ನನ್ನ ಮುಖ ನೋಡಿ ಸುಮಾ ನಡೆದದ್ದನ್ನು ಹೇಳಿದಳು. ಫೋನು ತೆಗೆಸಿದ ಮೇಲೆ ಅಜ್ಜಿ ಒಂದೇ ಮಾತು ಹೇಳಿದರಂತೆ: "ಮೊದಲ ಎಲ್ಲಾರಿಗೂ ಎಡಿ ಮಾಡ್ರಿ. ಹೆಸರು ರಾಹುಕಾಲ ದಾಟಿದ ಮ್ಯಾಲೆ." ಊಟ ಮೊದಲು, ಹೆಸರು ಆಮೇಲೆ! ಆ ಮನೆಯಲ್ಲಿ ಹಾಗೆ ಯಾವತ್ತೂ ಆದದ್ದಿಲ್ಲ. ಹೆಸರಿಡದ ಕೂಸಿನ ಹೋಳಿಗೆಯನ್ನು ಮಂದಿ ಉಂಡರು. ಬಸ್ಸಿಗೆ ಹೋಗುವವರು ಹೋದರು. ಹೆಸರು ಕೇಳದೇ ಹೋದರು, ಯಾರೂ ಗೊಣಗಲಿಲ್ಲ. ಅಥವಾ ಗೊಣಗಿದ್ದರೂ ಅಜ್ಜಿಯ ಕಿವಿಗೆ ಬೀಳದ ಹಾಗೆ.

ನಾನು ಉಣ್ಣಲು ಕೂತಾಗ ಅಜ್ಜಿ ಎದುರಿಗೇ ಕೂತು ವಿಚಾರಣೆ ಮಾಡಿದರು.

"ವಿಮಾನದಾಗ ಬುತ್ತಿ ಬಿಚ್ಚಾಕ ಬಿಡ್ತಾರೇನು?"

"ಬಿಡ್ತಾರ ಅಜ್ಜಿ. ಆದ್ರ ಬಿಚ್ಚೂದ್ರಾಗ ಇಳೀತೈತಿ."

"ಹಂಗಾರ ಅದೆಂಥಾ ಪ್ರಯಾಣ?" ಎಂದು ಅಜ್ಜಿ ವಿಮಾನವನ್ನು ಅಲ್ಲಿಗೇ ಬಿಟ್ಟು, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಒಂದೂವರೆ ದಾಟಿತು. ಉಳಿದಿದ್ದವರು ಹತ್ತು ಹನ್ನೆರಡು ಹೆಂಗಸರು. ಕೂಸಿಗೆ ನಾನು ತಂದ ಕುಂಚಿಗೆ ಕಟ್ಟಿ ತೊಟ್ಟಿಲಿಗೆ ಹಾಕಿದರು. ನಾನು ಬಾಗಿದೆ. ಹಾಲಿನ ವಾಸನೆಯ ಒಂದು ಪುಟ್ಟ ಕಿವಿ, ಮೇಲೆ ತೆಳ್ಳಗಿನ ಕೂದಲು. 'ಕುರ್ರ್... ಸಿಂಚನಾ' ಅಂದೆ. ಬೆನ್ನಿನ ಮೇಲೆ ಗುದ್ದುಗಳು ಬಿದ್ದವು. ಎರಡನೇ ಸಲ ಅಂದೆ, ಮತ್ತೆ ಬಿದ್ದವು. ಮೂರನೆಯದು ಮುಗಿದು ಇನ್ನೇನು ಏಳಬೇಕು, ಆಗ ಒಂಟಿಯಾಗಿ ಒಂದು ಗುದ್ದು ಬಿತ್ತು. ಉಳಿದೆಲ್ಲವನ್ನು ಮರೆಸುವಂಥದ್ದು. ತಿರುಗಿ ನೋಡಿದರೆ ಗೌರಮ್ಮಜ್ಜಿ.

"ಇದು ತಮ್ಮನ ಮದಿವಿಗೆ ಬರಲಾರದ್ದಕ್ಕ" ಎಂದರು.

ಪಡಸಾಲೆ ನಕ್ಕಿತು. ಕಾವೇರಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಕೂಸು ಎದ್ದು ಅಳತೊಡಗಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಮೂರು ವರ್ಷ ಯಾರೂ ನನ್ನ ಮುಖಕ್ಕೆ ಹೇಳದಿದ್ದ ಮಾತನ್ನು ಅಜ್ಜಿ ಬೆನ್ನಿಗೆ ಹೇಳಿದ್ದರು. ಎಂಥ ಹಗುರಾಯಿತು! (ಬೆನ್ನು ಮಾತ್ರ ಎರಡು ದಿನ ನೋಯುತ್ತಿತ್ತು. ಆ ವಯಸ್ಸಿಗೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ?)

ಬಾಗಿಲಿನಲ್ಲಿ ನಿಂತಿದ್ದ ಮಂಜುನಾಥ ಮಾತ್ರ ನಗಲಿಲ್ಲ. ನನ್ನನ್ನು ನೋಡಿ ಹೊರಗೆ ಹೋದ.

ಸಂಜೆ ನಾಲ್ಕರ ಹೊತ್ತಿಗೆ ಪೆಂಡಾಲಿನವರು ಕುರ್ಚಿ ಜೋಡಿಸಿ ಕಟ್ಟುತ್ತಿದ್ದರು. ಕೊನೆಯ ಎರಡು ಕುರ್ಚಿ ಉಳಿಸಿಕೊಂಡು ನಾನೂ ತಮ್ಮನೂ ಚಹಾ ಕುಡಿಯುತ್ತ ಕೂತೆವು. ಎಷ್ಟು ದಿನದ ಮೇಲೆ ಹಾಗೆ ಕೂತಿದ್ದೆವು! ನನಗೆ ಮಾತಾಡಬೇಕೆನ್ನಿಸಿತು. ಬೆಳಗಿನ ಐದರಿಂದ ಮಧ್ಯಾಹ್ನದವರೆಗಿನ ಪ್ರಯಾಣವನ್ನು ಸಾಲು, ಬ್ಯಾಗು, ಕುರಿ ಹಿಂಡು ಒಂದೂ ಬಿಡದೆ ಹೇಳಿದೆ. ಫೋನು ಒಂದು ತಾಸು ಅಂತ ಹೇಳಿ ಹೇಗೆ ಮೋಸ ಮಾಡಿತು ಅಂತ ವಿವರಿಸಿದೆ. ಒಟ್ಟು ಎಂಟು ತಾಸಿನ ದಾರಿ ಆಯಿತು, ರೈಲಿಗೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು ಅಂತ ಲೆಕ್ಕ ಕೊಟ್ಟೆ. ಭೂಗೋಳದ ಮೇಡಂ ಅಲ್ಲವೇ?

ಅವನು ಪೂರ್ತಿ ಕೇಳಿಸಿಕೊಂಡ. ಚಹಾದ ಲೋಟ ಕೆಳಗಿಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಭಾಳ ತ್ರಾಸಾತು ನಿನಗ. ಛಲೋ ಆತು, ಬಂದಿ" ಎಂದ. ನನ್ನ ಖಾಲಿ ಲೋಟವನ್ನೂ ತೆಗೆದುಕೊಂಡು ಕೇಳಿದ: "ಅಕ್ಕಾ, ಗಂಗಾವತಿಯಿಂದ ನಮ್ಮ ಕುಷ್ಟಗಿಗೆ ಎಷ್ಟು ತಾಸು?"

ಎರಡು ತಾಸು. ಸೀದಾ ಬಸ್ಸಿದೆ. ಮೂರು ವರ್ಷದಲ್ಲಿ ನಾನದನ್ನು ಒಮ್ಮೆಯೂ ಹತ್ತಿರಲಿಲ್ಲ.